ಅಮೆರಿಕದ ಮನೆಯಲ್ಲಿ ನೆಂಟರು ಜಾರಿ ಬಿದ್ದರೆ ಬಿಲ್ ಯಾರ ಪಾಲಿಗೆ?

ಎಡಿಸನ್‌ನಲ್ಲಾಗಲಿ ಫ್ರೀಮಾಂಟ್‌ನಲ್ಲಾಗಲಿ, ವರಮಹಾಲಕ್ಷ್ಮಿ ಹಬ್ಬದ ಸಂಜೆ ಕನ್ನಡಿಗರ ಮನೆ ಹುಡುಕುವುದು ಸುಲಭ. ಬಾಗಿಲ ಮುಂದೆ ಚಪ್ಪಲಿಯ ರಾಶಿ ಬಿದ್ದಿರುತ್ತದೆ. ಮೂವತ್ತು ಜೊತೆ ಶೂ, ಮೂರು ಮೆಟ್ಟಿಲು, ಮೇಲೊಂದು ಮಂಕು ಬಲ್ಬು. ಅರಿಸಿನ ಕುಂಕುಮ ತೆಗೆದುಕೊಂಡು, ಒಂದು ಕೈಯಲ್ಲಿ ತಾಂಬೂಲದ ಚೀಲ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು ಕತ್ತಲಲ್ಲಿ ಇಳಿಯುವವರು ಯಾರದೋ ಬೂಟಿಗೆ ಎಡವಿದರೆ ಮೊದಲು ನೆಲಕ್ಕೆ ತಾಗುವುದು ಅಂಗೈ, ಮುರಿಯುವುದು ಮಣಿಕಟ್ಟು.

ಊರಲ್ಲಾದರೆ ಮನೆಯವರೇ ಆಟೋ ಹಿಡಿದು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದು, ಪ್ಲಾಸ್ಟರ್ ಹಾಕಿಸಿ, ದುಡ್ಡು ಕೊಡಲು ಬಂದರೆ ‘ಛೇ, ಏನ್ರೀ ನೀವು’ ಅಂದು ಮುಗಿಸುತ್ತಾರೆ. ಇಲ್ಲಿ ಹಾಗೆ ಮುಗಿಯುವುದಿಲ್ಲ. ‘ಬಿಲ್ ನಾವೇ ಕಟ್ತೀವಿ ಬಿಡಿ’ ಅನ್ನುವ ನಮ್ಮ ಬಾಯಲ್ಲಿ ತಾನಾಗಿ ಬರುವ ಮಾತೇ ಇಲ್ಲಿ ಮನೆಯವರಿಗೆ ತೊಡಕಾಗುತ್ತದೆ. ಏಕೆಂದು ತಿಳಿಯಲು ಮನೆ ಇನ್ಶೂರೆನ್ಸ್‌ನ ಕಾಗದವನ್ನೇ ಬಿಡಿಸಿ ನೋಡಬೇಕು.

ಭಾರತದಲ್ಲಿ ಮನೆ ವಿಮೆ ಎಂದರೆ ಕಟ್ಟಡ ಮತ್ತು ಸಾಮಾನಿನ ವಿಮೆ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯೂ ಬೆಂಕಿ, ನೆರೆ, ಭೂಕಂಪಗಳಿಂದ ಮನೆಗಾಗುವ ನಷ್ಟಕ್ಕೆ ಮಾಡಿದ್ದು. ಹಾಗಾಗಿ ‘ನೆಂಟರ ಕೈ ಮುರಿದದ್ದಕ್ಕೆ ಮನೆ ಇನ್ಶೂರೆನ್ಸ್ ಯಾಕೆ ದುಡ್ಡು ಕೊಡುತ್ತದೆ’ ಎಂದು ಊರಿನವರು ಕೇಳಿದರೆ ಆಶ್ಚರ್ಯವಿಲ್ಲ. ಅಮೆರಿಕದ ಪಾಲಿಸಿ ಎರಡು ಹೋಳು. ಮೊದಲನೆಯದು ಮನೆ, ಶೆಡ್ಡು, ಸಾಮಾನು, ಮನೆ ಸುಟ್ಟರೆ ಹೊರಗೆ ಉಳಿಯುವ ಖರ್ಚು, ಅಂದರೆ ಎ, ಬಿ, ಸಿ, ಡಿ ಕವರೇಜ್‌ಗಳು. ಎರಡನೆಯದರಲ್ಲಿ ಇ (ಲಯಬಿಲಿಟಿ, ಅಂದರೆ ಹೊಣೆ) ಮತ್ತು ಎಫ್ (ಮೆಡಿಕಲ್ ಪೇಮೆಂಟ್ಸ್, ಅಂದರೆ ಚಿಕಿತ್ಸೆಯ ಖರ್ಚು) ಇರುತ್ತವೆ. ಇವೆರಡೂ ಬೇರೆಯವರಿಗೆ ಆದ ಗಾಯ, ನಷ್ಟಕ್ಕೆ ಸಂಬಂಧಪಟ್ಟವು. ಸ್ವಂತ ಮನೆಯ ಸಾಮಾನ್ಯ ಪಾಲಿಸಿಗೆ ಎಚ್‌ಒ-3 ಎಂದು ಹೆಸರು. ಬಾಡಿಗೆದಾರರದು ಎಚ್‌ಒ-4, ಕಾಂಡೋ, ಅಂದರೆ ಸ್ವಂತ ಫ್ಲ್ಯಾಟಿನವರದು ಎಚ್‌ಒ-6. ಇ ಮತ್ತು ಎಫ್ ಮೂರರಲ್ಲೂ ಇವೆ. ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಡುವವರು ಹೊಸದಾಗಿ ಬಂದ ಹುಡುಗರಿಗೆ ‘ಒಂದು ಲಕ್ಷ ಡಾಲರ್ ಲಯಬಿಲಿಟಿ ತೋರಿಸಿ’ ಎಂದು ಕೇಳುವುದು ಈ ಇ ಭಾಗವನ್ನೇ.

ಪ್ರತಿವರ್ಷ ಪಾಲಿಸಿ ನವೀಕರಿಸುವಾಗ ಬರುವ ಡಿಕ್ಲರೇಷನ್ಸ್ ಪುಟದಲ್ಲಿ ಇವೆರಡರ ಮೊತ್ತ ಇರುತ್ತದೆ. ಬಹುಪಾಲು ಜನ ಮನೆಯ ಮೊತ್ತ ನೋಡಿ ಕಾಗದ ಮಡಚಿಡುತ್ತಾರೆ. ಕೆಳಗೆ ‘ಪರ್ಸನಲ್ ಲಯಬಿಲಿಟಿ 1,00,000’, ‘ಮೆಡಿಕಲ್ ಪೇಮೆಂಟ್ಸ್ ಟು ಅದರ್ಸ್ 1,000’ ಎಂಬ ಎರಡು ಸಾಲು ಕಂಡರೆ, ಅದು ಅತಿ ಕಡಿಮೆ ಮಟ್ಟದ ಕವರೇಜ್ ಎಂದು ತಿಳಿಯಿರಿ. 3 ಲಕ್ಷ, 5 ಲಕ್ಷ ಡಾಲರಿಗೆ ಏರಿಸಬಹುದು, ಮೆಡಿಕಲ್ ಪೇಮೆಂಟ್ಸ್ ಅನ್ನು 5,000ಕ್ಕೆ ಏರಿಸಬಹುದು. ಇಡೀ ಪ್ರೀಮಿಯಂನಲ್ಲಿ ಅದಕ್ಕೆ ತಗಲುವ ಹೆಚ್ಚುವರಿ ಮೊತ್ತ ತೀರ ಚಿಕ್ಕದು. ಇನ್ನೊಂದು ವಿಷಯ: ಸೂರು ಸೋರಿದರೆ ಡಿಡಕ್ಟಿಬಲ್, ಅಂದರೆ ಕಂಪನಿ ಕೊಡುವ ಮೊದಲು ನಿಮ್ಮ ಪಾಲಿನ ಮೊತ್ತ, ಕಟ್ಟಬೇಕು, ಇ ಮತ್ತು ಎಫ್‌ಗೆ ಡಿಡಕ್ಟಿಬಲ್ ಇಲ್ಲ.

ಈ ಎರಡು ಸಾಲುಗಳ ಸ್ವಭಾವ ಬೇರೆ ಬೇರೆ. ಎಫ್, ಅಂದರೆ ಮೆಡ್‌ಪೇ, ತಪ್ಪು ಯಾರದೆಂದು ಕೇಳುವುದಿಲ್ಲ. ನಿಮ್ಮ ಅನುಮತಿಯಿಂದ ಮನೆಗೆ ಬಂದವರಿಗೆ ಗಾಯವಾಯಿತೇ, ಅಪಘಾತವಾದ ದಿನದಿಂದ ಮೂರು ವರ್ಷದೊಳಗಿನ ಚಿಕಿತ್ಸೆಯೇ, ಇಷ್ಟೇ ನೋಡುತ್ತದೆ. ಎಕ್ಸ್‌ರೇ, ಆಂಬ್ಯುಲೆನ್ಸ್, ಹಲ್ಲಿನ ಕೆಲಸ ಎಲ್ಲ ಸೇರುತ್ತದೆ. ಗಾಯಗೊಂಡವರ ಆರೋಗ್ಯ ವಿಮೆಯಲ್ಲಿ ಅವರು ಕೈಯಿಂದ ಕಟ್ಟಬೇಕಾದ ಡಿಡಕ್ಟಿಬಲ್ಲನ್ನು ತುಂಬಲು ಇದು ಹೇಳಿ ಮಾಡಿಸಿದಂತಿದೆ. ನಿಮ್ಮ ನಾಯಿ ಪಾರ್ಕಿನಲ್ಲಿ ಯಾರನ್ನೋ ಕಚ್ಚಿದರೆ, ಮಗ ಸೈಕಲ್ ತಂದು ಯಾರಿಗೋ ಗುದ್ದಿದರೆ, ಮನೆಯ ಹೊರಗಾದರೂ ಅನ್ವಯಿಸುತ್ತದೆ. ಕೆಲವು ಕಂಪನಿಗಳು ಕೆಲವು ತಳಿಯ ನಾಯಿಗಳನ್ನೂ ಟ್ರ್ಯಾಂಪೊಲಿನ್‌ಗಳನ್ನೂ ಹೊರಗಿಡುತ್ತವೆ, ಅದನ್ನು ಪಾಲಿಸಿಯಲ್ಲೇ ಓದಿ ತಿಳಿಯಬೇಕು.

ಇ, ಅಂದರೆ ಲಯಬಿಲಿಟಿ, ತಪ್ಪು ನಿಮ್ಮದಾದಾಗ ಮಾತ್ರ. ಕಾನೂನಿನ ಕಣ್ಣಲ್ಲಿ ನೀವು ನಿರ್ಲಕ್ಷ್ಯ ತೋರಿದ್ದೀರಿ ಎಂದು ಸಾಬೀತಾಗಬೇಕು, ಇಲ್ಲವೇ ಹಾಗೆ ವಾದಿಸಲು ಸಾಕಷ್ಟು ಆಧಾರವಿದೆಯೆಂದು ಕಂಪನಿಯೇ ಒಪ್ಪಿ ರಾಜಿಗೆ ಬರಬೇಕು. ಆಸ್ಪತ್ರೆಯ ಖರ್ಚಿನ ಜೊತೆಗೆ ತಪ್ಪಿಹೋದ ಸಂಬಳ, ನೋವಿಗೆ ಪರಿಹಾರವೂ ಇಲ್ಲೇ ಬರುತ್ತವೆ. ನಿಮ್ಮ ಪರ ವಕೀಲರನ್ನು ಕಂಪನಿಯೇ ಇಟ್ಟು ಕೊಡುತ್ತದೆ. ಆ ಖರ್ಚು ಮಿತಿಯ ಮೊತ್ತದಿಂದ ಕಡಿತವಾಗುವುದಿಲ್ಲ. ಕೇಸು ಸುಳ್ಳೇ ಆಗಿದ್ದರೂ ವಾದಿಸಿ ಕೊಡುವುದು ಅವರ ಹೊಣೆ. ನಮ್ಮ ಮಟ್ಟಿಗೆ ಇಡೀ ಪಾಲಿಸಿಯಲ್ಲಿ ಅತಿ ಬೆಲೆಬಾಳುವ ಭಾಗ ಇದೇ.

ತಪ್ಪನ್ನು ಅಳೆಯುವ ಅಳತೆಗೋಲು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನ್ಯೂಜೆರ್ಸಿ, ಟೆಕ್ಸಾಸ್‌ಗಳಲ್ಲಿ ಊಟಕ್ಕೆ ಬಂದ ಅತಿಥಿಗೆ, ನಿಮಗೆ ಗೊತ್ತಿದ್ದೂ ಅವರ ಕಣ್ಣಿಗೆ ಬೀಳದ ಅಪಾಯವನ್ನು ತಿಳಿಸುವುದು ಕರ್ತವ್ಯ. ಕ್ಯಾಲಿಫೋರ್ನಿಯಾದಲ್ಲಿ 1968ರ ‘ರೋಲ್ಯಾಂಡ್ ವರ್ಸಸ್ ಕ್ರಿಶ್ಚಿಯನ್’ ತೀರ್ಪಿನಿಂದ ಅತಿಥಿ, ಗಿರಾಕಿ ಎಂಬ ಭೇದವೇ ಹೋಯಿತು, ಎಲ್ಲರ ವಿಷಯದಲ್ಲೂ ಸಹಜ ಎಚ್ಚರ ಬೇಕು. ಆ ಕೇಸಿನ ಮೂಲ ಒಂದು ನಲ್ಲಿ. ಬಚ್ಚಲಮನೆಯ ಪಿಂಗಾಣಿ ಹಿಡಿಕೆ ಬಿರುಕು ಬಿಟ್ಟಿದೆಯೆಂದು ಬಾಡಿಗೆದಾರರಿಗೆ ಗೊತ್ತಿತ್ತು, ಮನೆ ಮಾಲೀಕರಿಗೆ ಹೇಳಿಯೂ ಇದ್ದರು, ಬಂದ ಅತಿಥಿಗೆ ಮಾತ್ರ ಹೇಳಲಿಲ್ಲ. ಹಿಡಿಕೆ ಒಡೆದು ಅತಿಥಿಯ ಕೈಯ ನರ, ಸ್ನಾಯುರಜ್ಜು ಕತ್ತರಿಸಿದವು. ಬಾಡಿಗೆ ಮನೆಯಲ್ಲಿರುವವರು ‘ನಮಗೇನು, ಮನೆ ಓನರ್ ನೋಡ್ಕೋತಾರೆ’ ಅನ್ನುವ ಮೊದಲು ಈ ನಲ್ಲಿಯನ್ನು ನೆನೆಯುವುದು ಒಳ್ಳೆಯದು.

ಬಿದ್ದವರ ತಪ್ಪೂ ಲೆಕ್ಕಕ್ಕೆ ಬರುತ್ತದೆ. ಮೊಬೈಲ್ ನೋಡುತ್ತಾ ಇಳಿದರು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದರು, ಹೀಗೆ. ಕ್ಯಾಲಿಫೋರ್ನಿಯಾದಲ್ಲಿ ಅವರ ತಪ್ಪಿನ ಪಾಲಿಗೆ ತಕ್ಕಷ್ಟು ಪರಿಹಾರ ಕಡಿಮೆಯಾಗುತ್ತದೆ. ಟೆಕ್ಸಾಸ್‌ನಲ್ಲಿ ಅವರ ತಪ್ಪು ಅರ್ಧಕ್ಕಿಂತ ಹೆಚ್ಚಾದರೆ ಏನೂ ಸಿಗದು. ವರ್ಜೀನಿಯಾ, ಮೇರಿಲ್ಯಾಂಡ್, ನಾರ್ತ್ ಕ್ಯಾರೊಲೈನಾಗಳಲ್ಲಿ ನಿಯಮ ಇನ್ನೂ ಕಠಿಣ: ಗಾಯಗೊಂಡವರದು ನೂರಕ್ಕೆ ಒಂದು ಪಾಲು ತಪ್ಪಿದ್ದರೂ ಲಯಬಿಲಿಟಿ ಪರಿಹಾರ ಸೊನ್ನೆಯಾಗಬಹುದು. ಆಶ್‌ಬರ್ನ್‌ನಲ್ಲೋ ಕ್ಯಾರಿಯಲ್ಲೋ ಈ ರಾಜ್ಯಗಳ ಊರುಗಳಲ್ಲಿ ಇರುವವರು ಮೆಡ್‌ಪೇ ಮೊತ್ತವನ್ನು ಹೆಚ್ಚಿಸಿಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ. ಅಲ್ಲಿ ಸ್ನೇಹಿತರಿಗೆ ಸಿಗುವುದು ಬಹುಶಃ ಅದೊಂದೇ.

ಈಗ ಆ ಮಣಿಕಟ್ಟಿಗೆ ಮರಳೋಣ. ಬಿದ್ದ ಗೆಳತಿಗೆ ನಿಮ್ಮ ಮೇಲೆ ಕೋಪವಿಲ್ಲ. ಅವರು ತಮ್ಮ ಕಂಪನಿ ಕೊಟ್ಟ ಆರೋಗ್ಯ ವಿಮೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ಆದರೆ ಬಿಲ್ಲಿನಲ್ಲಿ ಕಾಯಿಲೆಯ ಸಂಕೇತ ಇರುತ್ತದೆ. ಐಸಿಡಿ-10 ಪಟ್ಟಿಯಲ್ಲಿ ಗಾಯಗಳೆಲ್ಲ ‘ಎಸ್’ ಇಲ್ಲವೇ ‘ಟಿ’ ಅಕ್ಷರದಿಂದ ಶುರುವಾಗುತ್ತವೆ, ಮುಂಗೈ ಮೂಳೆ ಮುರಿತಕ್ಕೆ ಎಸ್52. ಆ ಅಕ್ಷರ ಕಂಡರೆ ಆರೋಗ್ಯ ವಿಮೆಯ ಕಡೆಯಿಂದ ಒಂದು ಪತ್ರ ಬರಬಹುದು: ‘ನಿಮಗೆ ಗಾಯವಾದದ್ದು ಎಲ್ಲಿ? ಕೆಲಸದ ಜಾಗವೇ, ವಾಹನವೇ, ಬೇರೆಯವರ ಆಸ್ತಿಯೇ?’ ಅವರು ಸತ್ಯವನ್ನೇ ತುಂಬಬೇಕು. ತುಂಬಿದ ಮೇಲೆ ಆರೋಗ್ಯ ವಿಮೆ ತಾನು ಕಟ್ಟಿದ ಹಣವನ್ನು ನಿಮ್ಮ ಮನೆ ವಿಮೆಯಿಂದ ವಸೂಲು ಮಾಡಲು ಹೊರಡಬಹುದು. ಇದಕ್ಕೆ ಸಬ್ರೊಗೇಷನ್ ಎನ್ನುತ್ತಾರೆ. ಸ್ನೇಹಿತೆ ಬೇಡವೆಂದರೂ ನಿಲ್ಲದು. ‘ಅವರು ನಮ್ಮ ಮೇಲೆ ಕ್ಲೇಮ್ ಹಾಕಿದರಂತೆ’ ಎಂದು ಕನ್ನಡ ಕೂಟದಲ್ಲಿ ಮಾತು ಬಿಡುವ ಎಷ್ಟೋ ಜಗಳಗಳ ಹಿಂದೆ ಇರುವುದು ಈ ಕಾಗದ ಮಾತ್ರ.

ಕೋರ್ಟಿಗೆ ಹೋದಾಗಲಂತೂ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ವಿಸ್ಕಾನ್ಸಿನ್‌ನಂಥ ಒಂದೆರಡು ರಾಜ್ಯ ಬಿಟ್ಟರೆ ವಿಮಾ ಕಂಪನಿಯನ್ನು ನೇರವಾಗಿ ಕೋರ್ಟಿಗೆ ಎಳೆಯುವಂತಿಲ್ಲ, ಮನೆಯವರ ಹೆಸರಲ್ಲೇ ದಾವೆ ಹೂಡಬೇಕು. 2011ರಲ್ಲಿ ಕನೆಕ್ಟಿಕಟ್‌ನ ವೆಸ್ಟ್‌ಪೋರ್ಟ್‌ನಲ್ಲಿ ಎಂಟು ವರ್ಷದ ಹುಡುಗನ ಹುಟ್ಟುಹಬ್ಬ. ಹತ್ತಿರದ ನೆಂಟರೊಬ್ಬರನ್ನು ಕಂಡ ಖುಷಿಗೆ ಅವನು ಓಡಿ ಬಂದು ತಬ್ಬಿದ, ಅವರು ಬಿದ್ದು ಮಣಿಕಟ್ಟು ಮುರಿಯಿತು. 1,27,000 ಡಾಲರ್ ಪರಿಹಾರ ಕೇಳಿ ಆ ಹುಡುಗನ ಹೆಸರಿನ ಮೇಲೆ ಕೇಸು ಬಿತ್ತು. 2015ರ ಅಕ್ಟೋಬರ್‌ನಲ್ಲಿ ಜ್ಯೂರಿ ಅರ್ಧ ಗಂಟೆಯೂ ತೆಗೆದುಕೊಳ್ಳದೆ ಅದನ್ನು ತಳ್ಳಿಹಾಕಿತು. ಲೋಕವೆಲ್ಲ ಆ ಹೆಂಗಸನ್ನು ‘ಕೇಡಿಗ ಅತ್ತೆ’ ಎಂದು ಜರೆಯಿತು. ಮನೆ ವಿಮೆ ಒಂದು ಡಾಲರ್ ಮಾತ್ರ ಕೊಡಲು ಮುಂದಾಗಿತ್ತೆಂದೂ, ಕನೆಕ್ಟಿಕಟ್ ಕಾನೂನಿನಲ್ಲಿ ಹುಡುಗನ ಹೆಸರು ಹಾಕದೆ ಬೇರೆ ದಾರಿ ಇರಲಿಲ್ಲವೆಂದೂ ಅವರ ವಕೀಲರು ಆಮೇಲೆ ವಿವರಿಸಿದರು.

ಇನ್ನು ‘ಬಿಲ್ ನಾವೇ ಕಟ್ತೀವಿ’ ಅನ್ನುವ ಮಾತು. ಎಚ್‌ಒ-3 ಪಾಲಿಸಿಯ ಷರತ್ತುಗಳಲ್ಲಿ ಒಂದು ಹೀಗಿದೆ: ಗಾಯವಾದ ಹೊತ್ತಿನ ಪ್ರಥಮ ಚಿಕಿತ್ಸೆಯ ಖರ್ಚು ಬಿಟ್ಟು ಬೇರೆ ಯಾವ ಹಣವನ್ನೂ ನೀವಾಗಿ ಕೊಟ್ಟರೆ, ಕೊಡುತ್ತೇನೆಂದು ಒಪ್ಪಿಕೊಂಡರೆ, ಅದು ನಿಮ್ಮ ಖರ್ಚು. ಕಂಪನಿ ತುಂಬಿಕೊಡುವುದಿಲ್ಲ. ‘ತಪ್ಪು ನಮ್ಮದೇ, ಬಲ್ಬು ಹೋಗಿ ತಿಂಗಳಾಯ್ತು’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದರೆ ಮುಂದೆ ಅದೂ ದಾಖಲೆಯೇ. ಹಾಗೆಂದು ಕಲ್ಲಾಗಿ ನಿಲ್ಲಬೇಕಿಲ್ಲ. ಐಸ್ ಇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವಾರವಿಡೀ ಸಾರು-ಪಲ್ಯ ತಲುಪಿಸಿ. ಹಣದ ಮಾತು ಬಂದಾಗ ‘ನಮ್ಮ ಇನ್ಶೂರೆನ್ಸ್‌ಗೆ ತಿಳಿಸಿದ್ದೇವೆ, ಮೆಡ್‌ಪೇ ಇದೆ, ಕ್ಲೇಮ್ ನಂಬರ್ ಕೊಡ್ತೀವಿ’ ಎಂದಷ್ಟೇ ಹೇಳಿ. ನಿಜವಾಗಿ ಉಪಕಾರವಾಗುವುದು ಆ ನಂಬರಿನಿಂದ.

ಕಂಪನಿಗೆ ಬೇಗ ತಿಳಿಸುವುದು ಷರತ್ತು. ‘ಅವರೇನೂ ಕೇಳಲಿಲ್ಲವಲ್ಲ’ ಎಂದು ಆರು ತಿಂಗಳು ಸುಮ್ಮನಿದ್ದು ವಕೀಲರ ನೋಟಿಸು ಬಂದ ಮೇಲೆ ಹೇಳಿದರೆ, ತಡ ಮಾಡಿದ್ದರಿಂದ ನಮಗೆ ತನಿಖೆಗೆ ತೊಂದರೆಯಾಯಿತೆಂದು ಕಂಪನಿ ತಕರಾರು ತೆಗೆಯಬಹುದು. ದಾವೆ ಹೂಡಲು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ, ಇಲಿನಾಯ್‌ಗಳಲ್ಲಿ ಎರಡು ವರ್ಷ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ಗಳಲ್ಲಿ ಮೂರು ವರ್ಷ ಗಡುವು. ಗಾಯಗೊಂಡದ್ದು ಮಗುವಾದರೆ ಸಾಮಾನ್ಯವಾಗಿ ಆ ಗಡುವಿನ ಎಣಿಕೆ 18 ತುಂಬಿದ ಮೇಲೆ ಶುರು. ಆದ್ದರಿಂದ ಅದೇ ರಾತ್ರಿ ಮೆಟ್ಟಿಲು, ಬೆಳಕು, ಚಪ್ಪಲಿ ರಾಶಿ, ಬಿದ್ದವರ ಪಾದರಕ್ಷೆ ಎಲ್ಲದರ ಫೋಟೊ ತೆಗೆದಿಡಿ. ಬಾಗಿಲ ಕ್ಯಾಮೆರಾದ ವಿಡಿಯೊ ಕೆಲವು ವಾರಗಳಲ್ಲಿ ತಾನೇ ಅಳಿಸಿಹೋಗುತ್ತದೆ, ಇಳಿಸಿಟ್ಟುಕೊಳ್ಳಿ. ವಿಡಿಯೊ ನಿಮಗೆ ವಿರುದ್ಧವಾಗಿದ್ದರೂ ಅಳಿಸಬೇಡಿ. ಅಳಿಸಿದ್ದೇ ಬೇರೊಂದು ತಪ್ಪಾಗುತ್ತದೆ. ಫೋಟೊ ತೆಗೆದ ಮೇಲೆ ಬಲ್ಬು ಬದಲಿಸಿ, ಅಲುಗಾಡುವ ಕಂಬಿ ಸರಿಪಡಿಸಿ. ರಿಪೇರಿ ಮಾಡಿದರೆ ತಪ್ಪೊಪ್ಪಿದಂತೆ ಎಂಬ ಭಯ ಬೇಡ. ಅಪಘಾತದ ನಂತರ ಮಾಡಿದ ರಿಪೇರಿಯನ್ನು ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ಬಳಸುವಂತಿಲ್ಲ ಎಂಬ ನಿಯಮ ಫೆಡರಲ್ ಕೋರ್ಟುಗಳಲ್ಲೂ ಬಹುತೇಕ ರಾಜ್ಯಗಳಲ್ಲೂ ಇದೆ.

ಕ್ಲೇಮ್ ಹಾಕಿದ್ದಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಅದು ವಿಮಾ ಕಂಪನಿಗಳು ನೋಡುವ ಕ್ಲೂ ಎಂಬ ಕ್ಲೇಮ್ ದಾಖಲೆಯಲ್ಲಿ ಏಳು ವರ್ಷದವರೆಗೂ ಉಳಿಯುತ್ತದೆ, ಪ್ರೀಮಿಯಂ ಏರಬಹುದು. ಆದರೂ ಮೂಳೆ ಮುರಿದ ಯಾವ ಘಟನೆಯನ್ನೂ ‘ಚಿಕ್ಕದು’ ಎಂದು ನೀವೇ ತೀರ್ಮಾನಿಸಬೇಡಿ.

ಊರಿನ ಓದುಗರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದು. ಮಗಳ ಬಾಣಂತನಕ್ಕೆಂದು ಬಂದ ಅಮ್ಮನೇ ಮೆಟ್ಟಿಲಲ್ಲಿ ಜಾರಿದರೆ? ಮಗಳ ಮನೆಗೆ ಇಷ್ಟೊಂದು ಇನ್ಶೂರೆನ್ಸ್ ಇದೆಯಲ್ಲ, ಸಾಕಲ್ಲವೇ?

ಸಾಲದು. ಪಾಲಿಸಿಯಲ್ಲಿ ‘ಇನ್ಶೂರ್ಡ್’ ಎಂದರೆ ಪಾಲಿಸಿ ಹೊಂದಿದವರು ಮತ್ತು ಅದೇ ಮನೆಯಲ್ಲಿ ವಾಸಿಸುವ ಅವರ ಬಂಧುಗಳು. ಇನ್ಶೂರ್ಡ್ ಆದವರಿಗೆ ಆದ ಗಾಯಕ್ಕೆ ಲಯಬಿಲಿಟಿ ಇಲ್ಲ. ಮನೆಯಲ್ಲಿ ಕಾಯಂ ವಾಸಿಸುವವರಿಗೆ ಮೆಡ್‌ಪೇ ಇಲ್ಲ. ಗ್ರೀನ್ ಕಾರ್ಡ್ ಪಡೆದು ಮಗನ ಮನೆಯಲ್ಲೇ ನೆಲೆಸಿದ ತಂದೆತಾಯಿಗೆ ಎರಡು ಬಾಗಿಲೂ ಮುಚ್ಚಿದಂತೆ. ಬಿ-2 (ಪ್ರವಾಸಿ) ವೀಸಾದಲ್ಲಿ ಬಂದವರ ವಿಷಯ ಅಷ್ಟು ನೇರವಲ್ಲ. ಮೂರು ವಾರಕ್ಕೆ ಬಂದವರು ಅತಿಥಿಗಳೇ. ಆರು ತಿಂಗಳು ಇರುವವರು ವಾಸಿಗಳೋ ಅತಿಥಿಗಳೋ ಎಂಬುದನ್ನು ಅಡ್ಜಸ್ಟರ್, ಅಂದರೆ ಕ್ಲೇಮ್ ಪರಿಶೀಲಿಸುವವರು, ಪ್ರಶ್ನೆ ಕೇಳಿ ನಿರ್ಧರಿಸುತ್ತಾರೆ: ಮರಳುವ ಟಿಕೆಟ್ ಇದೆಯೇ, ಐ-94 ಎಂಬ ಪ್ರವೇಶ ದಾಖಲೆಯಲ್ಲಿ ಯಾವ ದಿನಾಂಕ, ಮೈಸೂರಿನಲ್ಲೋ ಹಾಸನದಲ್ಲೋ ಸ್ವಂತ ಮನೆ ಇದೆಯೇ, ಪೆನ್ಷನ್ ಎಲ್ಲಿ ಬರುತ್ತದೆ, ಅಂಚೆ ಯಾವ ವಿಳಾಸಕ್ಕೆ. ಉತ್ತರಗಳು ಊರನ್ನೇ ತೋರಿಸಿದರೆ ಮೆಡ್‌ಪೇ ಸಿಗುವ ಸಾಧ್ಯತೆ ಇದೆ. ಸಿಕ್ಕರೂ ಅದು 1,000ದಿಂದ 5,000 ಡಾಲರ್, ಎಮರ್ಜೆನ್ಸಿ ರೂಮಿನ ಬಾಗಿಲಲ್ಲೇ ಕರಗುವ ಹಣ. ಸೊಂಟದ ಮೂಳೆ ಮುರಿದು ಆಪರೇಷನ್ ಆದರೆ ಬಿಲ್ ಹತ್ತಾರು ಸಾವಿರ ಡಾಲರ್ ದಾಟುತ್ತದೆ. ಲಯಬಿಲಿಟಿ ಬೇಕೆಂದರೆ ತಪ್ಪು ಮಗಳದೆಂದು ಅಮ್ಮನೇ ಕ್ಲೇಮ್ ಹಾಕಬೇಕು, ರಾಜಿಯಾಗದಿದ್ದರೆ ಮಗಳ ಮೇಲೇ ದಾವೆ ಹೂಡಬೇಕು.

ಹಾಗಾಗಿ ತಂದೆತಾಯಿಗೆ ಆಸರೆ ವಿಸಿಟರ್ ಇನ್ಶೂರೆನ್ಸ್, ವಿಮಾನ ಹತ್ತುವ ಮೊದಲೇ ಕೊಂಡದ್ದು. ಅದರಲ್ಲಿ ಎರಡು ಜಾತಿ. ಫಿಕ್ಸೆಡ್ ಎಂಬುದು ಪ್ರತಿ ಚಿಕಿತ್ಸೆಗೂ ಇಂತಿಷ್ಟೇ ಎಂದು ಪಟ್ಟಿ ಹಾಕಿ ಕೊಡುತ್ತದೆ. ಬಿಲ್ ಅದರ ಎಷ್ಟು ಪಟ್ಟು ಇದ್ದರೂ ಉಳಿದದ್ದು ನಿಮ್ಮದು. ಕಾಂಪ್ರೆಹೆನ್ಸಿವ್ ಎಂಬುದು ಡಿಡಕ್ಟಿಬಲ್ ಕಳೆದು ಬಿಲ್ಲಿನ ದೊಡ್ಡ ಪಾಲನ್ನು ಮಿತಿಯವರೆಗೂ ಭರಿಸುತ್ತದೆ. ಅಗ್ಗವೆಂದು ಮೊದಲನೆಯದನ್ನು ಕೊಳ್ಳುವುದೇ ನಾವು ಕಾಣುವ ದೊಡ್ಡ ತಪ್ಪು. ವಯಸ್ಸು ಏರಿದಂತೆ ಸಿಗುವ ಮಿತಿ ಇಳಿಯುತ್ತದೆ, 80 ದಾಟಿದವರಿಗೆ ತೀರ ಕಡಿಮೆ. ಮೊದಲೇ ಇದ್ದ ಕಾಯಿಲೆಗಳು ಹೊರಗೆ, ಹಠಾತ್ ಉಲ್ಬಣಿಸಿದರೆ ಮಾತ್ರ ಕೆಲವು ಪಾಲಿಸಿಗಳು ಒಪ್ಪುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಆಸ್ಪತ್ರೆಯಲ್ಲಿ ನರ್ಸ್ ‘ಹೇಗೆ ಬಿದ್ದಿರಿ’ ಎಂದು ಕೇಳುತ್ತಾರೆ. ಕಾಲು ಒದ್ದೆ ಟೈಲ್ಸ್ ಮೇಲೆ ಜಾರಿದ್ದರೂ ನಮ್ಮ ಅಮ್ಮಂದಿರು ‘ಬಿಪಿ ಇದೆಯಲ್ಲ, ತಲೆ ಸುತ್ತಿರಬೇಕು’ ಎಂದು ತಾವೇ ಒಂದು ಕಾರಣ ಸೇರಿಸುತ್ತಾರೆ. ಆ ಊಹೆ ನೋಟ್ಸ್‌ಗೆ ಹೋಗುತ್ತದೆ, ಬಿದ್ದದ್ದು ಹಳೆಯ ಕಾಯಿಲೆಯಿಂದ ಎಂಬ ವಾದಕ್ಕೆ ಅದೇ ಆಧಾರವಾಗುತ್ತದೆ. ನಿಜವಾಗಿ ತಲೆ ಸುತ್ತಿದ್ದರೆ ಮುಚ್ಚಿಡಬಾರದು, ಚಿಕಿತ್ಸೆಗೇ ಅದು ಬೇಕು. ನಡೆದದ್ದನ್ನು ನಡೆದಂತೆ ಹೇಳಿದರೆ ಸಾಕು. ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತರುವ ಮಗಳೂ ಅಳಿಯನೂ ತಮ್ಮದೊಂದು ಎಳೆ ಸೇರಿಸದಿರಲಿ. ದುಭಾಷಿಯನ್ನು ಕೇಳಿದರೆ ಆಸ್ಪತ್ರೆಯವರು ಫೋನಿನಲ್ಲಿ ಒದಗಿಸುತ್ತಾರೆ.

ಬೀಳದಂತೆ ನೋಡಿಕೊಳ್ಳುವುದಕ್ಕೆ ಬಚ್ಚಲಮನೆಯಿಂದ ಶುರು ಮಾಡಿ. ಇಲ್ಲಿನ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ಮೋರಿ ಇರುವುದಿಲ್ಲ. ಬಕೆಟ್ ಸ್ನಾನದ ರೂಢಿಯಿಂದ ನಾಲ್ಕು ಚೊಂಬು ನೀರು ಹೊರಗೆ ಚೆಲ್ಲಿದರೂ ಅದು ಅಲ್ಲೇ ನಿಲ್ಲುತ್ತದೆ. ಟಬ್ಬಿನ ಅಂಚು ದಾಟಲು ಕಾಲೆತ್ತಬೇಕು, ಅಷ್ಟರಲ್ಲಿ ಇನ್ನೊಂದು ಕಾಲು ಒದ್ದೆ ಟೈಲಿನ ಮೇಲಿರುತ್ತದೆ. ಹೀರುಬಟ್ಟಲಿನಂತೆ ಅಂಟುವ ಹಿಡಿಕೆ ತಂದು ಹಾಕುವವರೇ ಹೆಚ್ಚು. ಭಾರ ಬಿದ್ದ ಹೊತ್ತಿಗೆ ಅದು ಕೈಗೇ ಬರುತ್ತದೆ. ಗ್ರ್ಯಾಬ್ ಬಾರ್ ಗೋಡೆಯೊಳಗಿನ ಮರದ ಸ್ಟಡ್‌ಗೆ ಸ್ಕ್ರೂ ಆಗಬೇಕು. ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತವೆ. ನಡುವೆ ಇರುವುದು ಬರೀ ಅರ್ಧ ಇಂಚಿನ ಡ್ರೈವಾಲ್ (ಜಿಪ್ಸಮ್ ಹಲಗೆ), ಅದು ಮನುಷ್ಯನ ಭಾರ ತಡೆಯದು. ಸರಿಯಾಗಿ ಕೂರಿಸಿದ್ದು 250 ಪೌಂಡ್ ತಡೆಯಬೇಕು. ಬೇಸ್‌ಮೆಂಟ್ ಮೆಟ್ಟಿಲಿನ ಕಡೆ ಬಂದರೆ, ನಾಲ್ಕು ಅಥವಾ ಹೆಚ್ಚು ಮೆಟ್ಟಿಲಿದ್ದರೆ ಕೈಕಂಬಿ ಇರಲೇಬೇಕು, 34ರಿಂದ 38 ಇಂಚು ಎತ್ತರದಲ್ಲಿ. ಎಷ್ಟೋ ಹಳೆಯ ಮನೆಗಳಲ್ಲಿ ಇದು ಇರುವುದೇ ಇಲ್ಲ, ಇದ್ದರೂ ಅಲುಗಾಡುತ್ತದೆ.

ಹಿತ್ತಲ ಡೆಕ್ (ಮನೆಗೆ ಜೋಡಿಸಿ ಕಟ್ಟಿದ ಮರದ ಜಗಲಿ) ಬೇರೆಯೇ ಅಪಾಯ, ಸ್ವಲ್ಪ ನಿಂತು ನೋಡಬೇಕಾದದ್ದು. ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ನಲವತ್ತು ಜನ ಒಮ್ಮೆಲೇ ಫೋಟೊಗೆ ಅದರ ಮೇಲೆ ನಿಲ್ಲುತ್ತಾರೆ. ಡೆಕ್ ಕುಸಿದರೆ ಹೆಚ್ಚಿನ ಸಲ ಕೈಕೊಟ್ಟಿರುವುದು ಕಂಬವಲ್ಲ, ಮನೆಯ ಗೋಡೆಗೆ ಅದನ್ನು ಜೋಡಿಸುವ ಲೆಡ್ಜರ್ ಹಲಗೆ. ಹಳೆಯ ಡೆಕ್‌ಗಳಲ್ಲಿ ಅದನ್ನು ಬರೀ ಮೊಳೆಯಿಂದ ಬಡಿದಿರುತ್ತಾರೆ. ಮೊಳೆ ಕೆಳಮುಖದ ಭಾರ ತಡೆದರೂ ಡೆಕ್ ಹೊರಕ್ಕೆ ಎಳೆದಾಗ ಕಿತ್ತು ಬರುತ್ತದೆ. ಹಲಗೆ ಮತ್ತು ಗೋಡೆಯ ಸಂದಿಗೆ ಲೋಹದ ಫ್ಲ್ಯಾಶಿಂಗ್ ಇಲ್ಲದಿದ್ದರೆ ಮಳೆನೀರು ಇಳಿದು ಒಳಗಿನ ಮರ ಪುಡಿಯಾಗಿರುತ್ತದೆ, ಹೊರಗೆ ಬಣ್ಣ ಮಾತ್ರ ಫಳಫಳ. ಟಾರ್ಚ್ ಹಿಡಿದು ಡೆಕ್ ಕೆಳಗೆ ಹೋಗಿ. ಲೆಡ್ಜರಿನಲ್ಲಿ ಸಾಲಾಗಿ ಅರ್ಧ ಇಂಚಿನ ಬೋಲ್ಟ್ ಅಥವಾ ಲ್ಯಾಗ್ ಸ್ಕ್ರೂಗಳ ತಲೆ ಕಾಣಬೇಕು. ಸ್ಕ್ರೂಡ್ರೈವರಿನಿಂದ ಮರ ಚುಚ್ಚಿ ನೋಡಿ, ಬೆಣ್ಣೆಯಂತೆ ಒಳಗೆ ಹೋದರೆ ಪಾರ್ಟಿ ಮನೆಯೊಳಗೇ ಆಗಲಿ. ಕಟ್ಟಡ ನಿಯಮಾವಳಿಯ (ಕೋಡ್) ಪ್ರಕಾರ ಡೆಕ್ ಚದರಡಿಗೆ 40 ಪೌಂಡ್ ಭಾರಕ್ಕೆ ಕಟ್ಟಿರಬೇಕು, ನೆಲದಿಂದ 30 ಇಂಚಿಗಿಂತ ಎತ್ತರವಿದ್ದರೆ 36 ಇಂಚಿನ ತಡೆಕಂಬಿ ಬೇಕು, ಕಂಬಿಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಮನೆಗೆ ಸಂಬಂಧಪಟ್ಟ ಗಾಯಗಳಲ್ಲಿ ಒಂದೇ ಏಟಿಗೆ ಲಯಬಿಲಿಟಿ ಮಿತಿಯನ್ನು ನುಂಗಿಬಿಡುವ ಶಕ್ತಿ ಇದಕ್ಕಿದೆ, ಏಕೆಂದರೆ ಗಾಯಗೊಳ್ಳುವವರು ಒಬ್ಬರಲ್ಲ.

ಹಿಮ ಬೀಳುವ ಕಡೆ ನಿಯಮಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲಿನಾಯ್‌ನಲ್ಲಿ ತಾನಾಗಿ ಬಿದ್ದ ಹಿಮಕ್ಕೆ ಮನೆಯವರು ಸಾಮಾನ್ಯವಾಗಿ ಹೊಣೆಯಲ್ಲ. ಆದರೆ ಸೂರಿನ ನೀರನ್ನು ಇಳಿಸುವ ಕೊಳವೆಯ ಬಾಯಿ ಕಾಲುದಾರಿಗೆ ತಿರುಗಿದ್ದು ಅಲ್ಲಿ ಗಾಜಿನಂತೆ ಹೆಪ್ಪುಗಟ್ಟಿದರೆ ಅದು ನೀವು ಮಾಡಿಕೊಂಡ ಐಸ್. ಮ್ಯಾಸಚೂಸೆಟ್ಸ್‌ನ ಸುಪ್ರೀಂ ಕೋರ್ಟ್ 2010ರಲ್ಲಿ ಈ ಭೇದವನ್ನೇ ತೆಗೆದುಹಾಕಿತು, ಅಲ್ಲಿ ಹಿಮವೂ ಬೇರೆಲ್ಲ ಅಪಾಯಗಳಂತೆಯೇ. ಬಾಸ್ಟನ್‌ನಲ್ಲಿ ಹಿಮ ನಿಂತ ಮೂರು ಗಂಟೆಯೊಳಗೆ, ರಾತ್ರಿ ನಿಂತರೆ ಸೂರ್ಯೋದಯದ ನಂತರ ಮೂರು ಗಂಟೆಯೊಳಗೆ ಫುಟ್‌ಪಾತ್ ತೆರವು ಮಾಡಬೇಕು. ಕಾಂಡೋ, ಟೌನ್‌ಹೌಸ್‌ಗಳಲ್ಲಿ ಹೊರಗಿನ ಮೆಟ್ಟಿಲು ಅಸೋಸಿಯೇಷನ್ನಿನದೋ ನಿಮ್ಮದೋ ಎಂಬುದು ಅವರ ದಾಖಲೆಯಲ್ಲಿ ಬರೆದಿರುತ್ತದೆ. ಅಸೋಸಿಯೇಷನ್ನಿನದಾದರೂ ನಷ್ಟವನ್ನು ಎಲ್ಲ ಮನೆಗೂ ಹಂಚಿದಾಗ ನಿಮ್ಮ ಪಾಲಿಗೆ ಬರುವುದನ್ನು ಎಚ್‌ಒ-6ರ ಲಾಸ್ ಅಸೆಸ್‌ಮೆಂಟ್ ಭಾಗ ಭರಿಸುತ್ತದೆ. ಮಾಮೂಲಿ ಮೊತ್ತ 1,000 ಡಾಲರ್ ಮಾತ್ರ.

ಪಾಲಿಸಿ ಕೈಬಿಡುವ ಸಂದರ್ಭಗಳಲ್ಲಿ ನಮ್ಮವರು ಹೆಚ್ಚು ಸಿಕ್ಕಿಬೀಳುವುದು ಮನೆಯಲ್ಲೇ ನಡೆಸುವ ವ್ಯವಹಾರಗಳಲ್ಲಿ. ಬೇಸ್‌ಮೆಂಟಿನಲ್ಲಿ ಭರತನಾಟ್ಯ ಕ್ಲಾಸು, ಸಂಗೀತ ಪಾಠ, ಮಕ್ಕಳನ್ನು ನೋಡಿಕೊಳ್ಳುವುದು, ಶನಿವಾರದ ಟಿಫನ್ ಮಾರಾಟ. ಫೀಸು ಪಡೆದು ನಡೆಸುವ ಕ್ಲಾಸಿಗೆ ಬಂದ ಮಗು ಬಿದ್ದರೆ ಅದು ಅತಿಥಿಯಲ್ಲ, ಬಿಸಿನೆಸ್. ಎಚ್‌ಒ-3 ಅದನ್ನು ಹೊರಗಿಡುತ್ತದೆ. ವೃತ್ತಿಯೆಂದು ಹೇಳಲಾಗದ ಸಣ್ಣಪುಟ್ಟ ಚಟುವಟಿಕೆಗೆ ಪಾಲಿಸಿ ಶುರುವಾಗುವ ಹಿಂದಿನ 12 ತಿಂಗಳಲ್ಲಿ ಒಂದು ಮಿತಿಯೊಳಗಿನ (ಅನೇಕ ಪಾಲಿಸಿಗಳಲ್ಲಿ 2,000 ಡಾಲರ್) ಆದಾಯದವರೆಗೂ ವಿನಾಯಿತಿ ಇದೆ. ಖರ್ಚು ಬಿಟ್ಟು ಏನೂ ಪಡೆಯದ ಸೇವೆಗೂ ಇದೆ. ಅಂದರೆ ಉಚಿತವಾಗಿ ಕನ್ನಡ ಕಲಿಸುವವರು ಸುರಕ್ಷಿತ, ತಿಂಗಳಿಗೆ ಇಪ್ಪತ್ತು ಮಕ್ಕಳಿಂದ ಫೀಸು ಪಡೆಯುವ ನೃತ್ಯ ಗುರುಗಳು ಅಲ್ಲ. ಅವರು ಏಜೆಂಟರನ್ನು ಕೇಳಿ ಪಾಲಿಸಿಗೆ ಬಿಸಿನೆಸ್ಸನ್ನೂ ಒಳಗೊಳ್ಳುವ ಎಂಡಾರ್ಸ್‌ಮೆಂಟ್ ಸೇರಿಸಿಕೊಳ್ಳಬೇಕು, ಇಲ್ಲವೇ ಬೇರೆ ಬಿಸಿನೆಸ್ ಪಾಲಿಸಿ ಕೊಳ್ಳಬೇಕು. ಪೋಷಕರಿಂದ ‘ಬಿದ್ದರೆ ನಾವೇ ಹೊಣೆ’ ಎಂದು ಬರೆಸಿಕೊಂಡ ಚೀಟಿ ಅನೇಕ ರಾಜ್ಯಗಳಲ್ಲಿ ಮಗುವಿನ ಹಕ್ಕನ್ನು ಕಟ್ಟಿಹಾಕುವುದಿಲ್ಲ. ಡ್ರೈವ್‌ವೇಯಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಯಾರಿಗಾದರೂ ತಾಗಿದರೂ ಅದು ಮನೆ ವಿಮೆಯಲ್ಲ, ಕಾರಿನ ವಿಮೆ.

ಕೆಲಸದವರ ಲೆಕ್ಕ ಇನ್ನೊಂದು. ದಿನವೂ ಬಂದು ಅಡುಗೆ ಮಾಡಿಕೊಡುವವರು, ಮಗು ನೋಡಿಕೊಳ್ಳುವವರು ಗಾಯಗೊಂಡರೆ ಕ್ಯಾಲಿಫೋರ್ನಿಯಾದಲ್ಲಿ ಮನೆ ಪಾಲಿಸಿಯೊಳಗೇ ವರ್ಕರ್ಸ್ ಕಾಂಪೆನ್ಸೇಷನ್ (ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ವಿಮೆ) ಇರಬೇಕೆಂದು ಕಾನೂನಿದೆ. ಆದರೆ ಗಾಯಕ್ಕೆ ಹಿಂದಿನ 90 ದಿನಗಳಲ್ಲಿ 52 ಗಂಟೆಗಿಂತ ಕಡಿಮೆ ಕೆಲಸ ಮಾಡಿದ್ದರೆ, ಅಥವಾ 100 ಡಾಲರಿಗಿಂತ ಕಡಿಮೆ ಪಡೆದಿದ್ದರೆ ಅದರಡಿ ಬರುವುದಿಲ್ಲ. ಸೂರು ರಿಪೇರಿಗೆ ಬರುವವರಿಂದ ಲೈಸೆನ್ಸ್ ಜೊತೆಗೆ ವರ್ಕರ್ಸ್ ಕಾಂಪ್‌ನ ಸರ್ಟಿಫಿಕೇಟನ್ನೂ ಕೇಳಿ. ಅವರು ತೋರಿಸುವ ಫೋಟೊ ಬೇಡ, ಅವರ ಏಜೆಂಟರಿಂದ ನೇರವಾಗಿ ಇಮೇಲ್ ಬರಲಿ.

ಲಯಬಿಲಿಟಿ ಮಿತಿ ಸಾಲದೆನಿಸಿದವರಿಗೆ ಅಂಬ್ರೆಲಾ ಪಾಲಿಸಿ ಇದೆ. ಮನೆ ಮತ್ತು ಕಾರಿನ ಮಿತಿ ಮುಗಿದ ಮೇಲೆ ಹತ್ತು ಲಕ್ಷ ಡಾಲರಿನಿಂದ ಶುರುವಾಗುವ ಪದರ, ಖರ್ಚು ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ಡಾಲರ್. ಆದರೆ ಮನೆ ಪಾಲಿಸಿಯಲ್ಲಿ ಮೊದಲು 3 ಲಕ್ಷ ಡಾಲರ್ ಲಯಬಿಲಿಟಿ ಇರಬೇಕೆಂಬಂಥ ಷರತ್ತು ಹಾಕುತ್ತಾರೆ. ಅದನ್ನು ಇಳಿಸಿಬಿಟ್ಟರೆ ನಡುವಿನ ಕಂದಕ ನಿಮ್ಮ ಜೇಬಿನದು. ಬಿಸಿನೆಸ್ ವಿಷಯದಲ್ಲಿ ಅಂಬ್ರೆಲಾ ಕೂಡ ಮನೆ ಪಾಲಿಸಿಯಂತೆಯೇ ಮುಖ ತಿರುಗಿಸುತ್ತದೆ.

ಬೆಂಗಳೂರಿಗೆ ಮರಳಿ ಇಲ್ಲಿನ ಮನೆಯನ್ನು ಬಾಡಿಗೆಗೆ ಕೊಡುವವರು ಈಗ ಕಡಿಮೆಯೇನಿಲ್ಲ. ಒಂದಿಬ್ಬರನ್ನು ಪೇಯಿಂಗ್ ಗೆಸ್ಟಾಗಿ ಇಟ್ಟುಕೊಂಡರೆ ಎಚ್‌ಒ-3 ತಾಳುತ್ತದೆ, ಇಬ್ಬರಿಗಿಂತ ಹೆಚ್ಚಾದರೆ ಇಲ್ಲ. ಇಡೀ ಮನೆ ಬಿಟ್ಟುಹೋದರೆ ಪಾಲಿಸಿಯ ಬುಡವೇ ಅಲುಗುತ್ತದೆ. ಅದು ‘ನೀವು ವಾಸಿಸುವ ಮನೆ’ ಎಂಬ ಆಧಾರದ ಮೇಲೆ ಬರೆದದ್ದು. ಪ್ರೀಮಿಯಂ ಬ್ಯಾಂಕಿನಿಂದ ತಾನಾಗಿ ಹೋಗುತ್ತಲೇ ಇರುತ್ತದೆ, ಬಾಡಿಗೆದಾರರ ಮಗು ಮೆಟ್ಟಿಲಿಂದ ಬಿದ್ದ ದಿನ ಕಂಪನಿ ‘ನೀವು ಅಲ್ಲಿ ಇರಲಿಲ್ಲವಲ್ಲ’ ಅನ್ನುತ್ತದೆ. ಬಾಡಿಗೆ ಮನೆಗೆ ಡಿಪಿ-3 ಎಂಬ ಬೇರೆ ಪಾಲಿಸಿ ಇದೆ. ಅದಕ್ಕೆ ಲಯಬಿಲಿಟಿ ತಾನಾಗಿ ಅಂಟಿ ಬರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು. ಮನೆ ನೋಡಿಕೊಳ್ಳಲು ಪ್ರಾಪರ್ಟಿ ಮ್ಯಾನೇಜರ್ ಇಟ್ಟರೆ ಅವರು ತಮ್ಮನ್ನು ಅಡಿಷನಲ್ ಇನ್ಶೂರ್ಡ್ (ಅದೇ ಪಾಲಿಸಿಯ ರಕ್ಷಣೆ ಪಡೆಯುವವರು) ಎಂದು ಹೆಸರಿಸಲು ಕೇಳುತ್ತಾರೆ, ಅದು ವಾಡಿಕೆ. ಬಾಡಿಗೆ ಕರಾರಿನಲ್ಲಿ ಬಾಡಿಗೆದಾರರು ಎಚ್‌ಒ-4 ಇಟ್ಟುಕೊಳ್ಳಬೇಕೆಂಬ ಸಾಲೂ ಇರಲಿ, ಅವರ ನಾಯಿ ಕಚ್ಚಿದರೆ ಮೊದಲು ಎದ್ದು ನಿಲ್ಲಬೇಕಾದ ಪಾಲಿಸಿ ಅದು. ಈ ಬದಲಾವಣೆಗಳೆಲ್ಲ ಬಾಡಿಗೆದಾರರ ಕೈಗೆ ಕೀಲಿ ಕೊಡುವ ದಿನಾಂಕದಿಂದಲೇ ಜಾರಿಗೆ ಬರುವಂತೆ ಏಜೆಂಟರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.